ಆಸ್ಪತ್ರೆ ಬಿಟ್ಟ ಮೇಲೆ

ಬೆಳಗಿನಿಂದ ಚಿತ್ತಮ್ಮನಿಗೆ ಸೀಮೆಸುಣ್ಣದ ವಾಸನೆ ತಾಳಲಾಗುತ್ತಿರಲಿಲ್ಲ. ಮತ್ತೋಡಿನ ಪ್ರೈಮರಿ ಶಾಲೆಯ ಮೂರನೇ ಕ್ಲಾಸಿನ ಬೋರ್ಡಿನ ಮೇಲೆ ಮಗ್ಗಿ ಬರೆದು ಒರೆಸಿ, ಒರೆಸಿ ಬರೆದು, ಬಾಯಲ್ಲಿ ಊರುತ್ತಿದ್ದ ನೀರನ್ನು ನುಂಗಿಕೊಳ್ಳುತ್ತ, ಇದು ಅದೇ ಇರಬೇಕು ಎಂದುಕೊಳ್ಳುವಾಗಲೇ ಅದಲ್ಲದಿರಲಿ ಎಂದೂ ಬಯಸುತ್ತಿದ್ದಳು. ಮುಟ್ಟು ನಿಂತು ಎರಡನೆಯ ತಿಂಗಳು. ಗಂಡ ಕಾಟಯ್ಯನಿಗೆ ಇನ್ನೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕನ್ನಡಿ ಹಿಡಿದು ಕಣ್ಣಿನ ಕೆಳಗೆ ಊದಿದೆಯೇ ಎಂದು ಒತ್ತಿ ನೋಡುವುದು, ಯಾರೂ ಕಾಣದಾಗ ಪಾದದ ಗಂಟಿನ ಮೇಲೆ ಹೆಬ್ಬೆರಳೂರಿ ಗುಳಿ ಬೀಳುತ್ತದೆಯೇ ಎಂದು ಪರೀಕ್ಷಿಸುವುದು ಅವಳಿಗೆ ಚಿಕ್ಕಂದಿನಿಂದ ಬಂದ ಚಾಳಿ. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಕಾಟಯ್ಯ ‘ನೋಡಿದ್ದು ಸಾಕು, ಚೆನ್ನಾಗೇ ಇದೀಯ’ ಎಂದು ನಗುತ್ತಿದ್ದ. ಆ ನಗುವಿನ ಮುಂದೆ ಅವಳಿಗೆ ತಾನೊಬ್ಬಳು ಕಳ್ಳಿ ಎನ್ನಿಸುತ್ತಿತ್ತು. ಮದುವೆಯ ಮಾತುಕತೆಯ ದಿನ ಅವ್ವ ಬಾಗಿಲಲ್ಲಿ ಕೂತು, ‘ನಮ್ಮುಡುಗಿಗೆ ಇವತ್ತಿನ ತನಕ ಒಂದ್ ನೆಗಡಿ ಬಂದಿದ್ದಿಲ್ಲ’ ಎಂದುಬಿಟ್ಟಿದ್ದಳು. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕಳೆದ ಒಂದಿಡೀ ಮಳೆಗಾಲವನ್ನು ಆ ಒಂದು ಮಾತು ನುಂಗಿ ನೀರು ಕುಡಿದಿತ್ತು. ಅದೇ ಅವ್ವನಿಗೆ ಆಸ್ಪತ್ರೆಯ ಆಯಾ ಒಬ್ಬಳು ಅಂದಿದ್ದ ಇನ್ನೊಂದು ಮಾತನ್ನು ಮಾತ್ರ ಯಾವುದೂ ನುಂಗಿರಲಿಲ್ಲ: ಇದು ಬದುಕಿಕೊಂಡರೂ ಬಸಿರಾಗಂಗಿಲ್ಲ, ಆದ್ರೆ ಜೀವಕ್ಕೇ ಕುತ್ತು.

ಏಳೊಂಬತ್ಲಿ ಎಂದು ಮಕ್ಕಳು ಕೂಗುತ್ತಿದ್ದಾಗ ಜೀಪಿನ ಸದ್ದು ಕೇಳಿಸಿತು. ಅದು ಎಮರ್ಜೆನ್ಸಿಯ ಎರಡನೆಯ ವರ್ಷ. ಜೀಪೆಂದರೆ ಊರಿಗೆ ಒಂದೇ ಅರ್ಥ. ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಟವೆಲು ಕೊಡವಿ ಹೊಲದ ಕಡೆ ಸರಿದುಹೋದದ್ದು ಕಿಟಕಿಯಲ್ಲಿ ಕಂಡಿತು. ಹೆಡ್ ಮೇಷ್ಟ್ರು ಮೂರ್ತಪ್ಪನವರು ಬಾಗಿಲಿಗೆ ಬಂದು, ಮೇಷ್ಟ್ರು ತಲೆಗಿಷ್ಟು ಸಂತಾನಹರಣ ಆಪರೇಷನ್ ಕೇಸು ತರಬೇಕೆಂಬ ಆರ್ಡರಿನಿಂದ ಬಾಡಿಹೋದ ಮುಖದಲ್ಲಿ, ‘ಟೀಚರ್, ಯಾರೋ ಡಾಕ್ಟರಮ್ಮ ಬಂದವ್ರೆ. ನನ್ನನ್ನಲ್ಲ, ನಿಮ್ಮನ್ನೇ ಕೇಳ್ತಾವ್ರೆ’ ಎಂದರು. ಹಾಗೆ ಹೇಳುವಾಗ ಅವರ ದನಿಯಲ್ಲಿದ್ದ ನಿರಾಳ ಅವಳಿಗೆ ಅವಮಾನದಂತೆ ತಾಕಿತು.

ಹೆಡ್ ಮೇಷ್ಟ್ರ ಕೋಣೆಯಲ್ಲಿ ನಿಂತಿದ್ದಾಕೆ ಗಿಡ್ಡ ಹೆಂಗಸು. ಬಿಳಿ ಸೀರೆ, ಮಾಸಿದ ಕ್ಯಾನ್ವಾಸ್ ಚೀಲ, ಬಿಗಿದು ಕಟ್ಟಿದ ನರೆಗೂದಲು. ಆಕೆ ನೇರವಾಗಿ ಮುಂದೆ ಬಂದು ಚಿತ್ತಮ್ಮನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡಿದಳು. ಆ ಬೆರಳು ತಣ್ಣಗಿತ್ತು. ಆ ತಣುಪೇ ಮೊದಲು ಗುರುತಾಯಿತು, ಆಮೇಲೆ ಮುಖ. ಮಕ್ಕಳ ವಾರ್ಡಿನ ಕಬ್ಬಿಣದ ಮಂಚಗಳ ಸಾಲು, ಫಿನಾಯಿಲು, ಉಪ್ಪಿಲ್ಲದ ಗಂಜಿ, ಕಾಲ ತುಂಬ ಕಜ್ಜಿಯ ಹುಣ್ಣು, ಕಣ್ಣು ತೆರೆಯಲಾಗದಂತೆ ಊದಿದ ಮುಖ, ಕಾಫಿ ಬಣ್ಣದ ಉಚ್ಚೆ. ಪಕ್ಕದ ಮಂಚದಲ್ಲಿ ಜವನಗೊಂಡನಹಳ್ಳಿ ಕಡೆಯ ಹಟ್ಟಿಯ ಜುಂಜಪ್ಪ. ಅವನದೂ ಅದೇ ಮುಖ, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕುಂಬಳಕಾಯಿ ಎಂದು ನಗುತ್ತಿದ್ದರು. ಒಂದು ದಿನ ಅವಳನ್ನು ಬೋರಲು ಮಲಗಿಸಿ, ಬೆನ್ನಿಗೆ ಉದ್ದದ ಸೂಜಿ ಇಳಿಸಿ, ಒಳಗಿಂದ ದಾರದೆಳೆಯಷ್ಟು ಏನನ್ನೋ ಕಿತ್ತು ತೆಗೆದಿದ್ದರು. ಉಸಿರು ಬಿಡಬೇಡ ಎಂದು ಹೇಳಿದ್ದವಳು ಇವಳೇ.

‘ಆದಿವಾಲದಲ್ಲಿ ನಿಮ್ಮವ್ವನ್ನ ನೋಡ್ಕೊಂಡು ಬಂದೆ’ ಎಂದಳು ಡಾಕ್ಟರ್ ಶಾಂತಕ್ಕ. ‘ಗುರುತು ಸಿಕ್ತಾ?’

ಚಿತ್ತಮ್ಮ ತಲೆಯಾಡಿಸಿದಳು. ಮೂರ್ತಪ್ಪನವರು ಹೊರಗೆ ಹೋಗದೆ ಅಲ್ಲೇ ರಿಜಿಸ್ಟರು ತಿರುವುತ್ತ ನಿಂತಿದ್ದರು. ಅವರ ಮುಂದೆಯೇ ಡಾಕ್ಟರಮ್ಮ ಚೀಲದಿಂದ ಅಗಲ ಬಾಯಿಯ ಸೀಸೆಯೊಂದನ್ನು ತೆಗೆದು, ಚಾಕ್ ಪೀಸ್ ಕೊಡುವಷ್ಟು ಸಹಜವಾಗಿ, ‘ಇದರಲ್ಲಿ ಸ್ವಲ್ಪ ಉಚ್ಚೆ ಹಿಡ್ಕೊಂಡು ಬಾರಮ್ಮ’ ಎಂದಳು. ಮೂರ್ತಪ್ಪನವರು ಕೆಮ್ಮಿದರು. ಟೀಚರಿಗೆ ಯಾವುದೋ ರೋಗವಂತೆ ಎಂಬ ಮಾತು ಮಧ್ಯಾಹ್ನದ ಹೊತ್ತಿಗೆ ಬೀದಿ ಮುಟ್ಟುತ್ತದೆ, ಸಂಜೆಗೆ ಸೊಸೈಟಿಯ ಬಾಗಿಲು ಮುಟ್ಟುತ್ತದೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಕೈ ಮುಂದೆ ಬರಲಿಲ್ಲ.

ಅದನ್ನು ಕಂಡು ಡಾಕ್ಟರಮ್ಮ ಸೀಸೆಯನ್ನು ಮೇಜಿನ ಮೇಲಿಟ್ಟಳು. ‘ಮೇಷ್ಟ್ರೇ, ಸ್ವಲ್ಪ ಹೊರಗೆ ಇರ್ರಿ’ ಎಂದು ಅವರನ್ನು ಕಳಿಸಿ, ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು, ನಡುವೆ ಕಾಗದ ಇಟ್ಟಿದ್ದ ಪುಟ ಬಿಡಿಸಿ ಅವಳತ್ತ ತಿರುಗಿಸಿದಳು. ನುಣ್ಣನೆಯ ಕಾಗದದ ಮೇಲೆ ಕಪ್ಪು ಬಿಳುಪಿನ ಒಂದು ದುಂಡನೆಯ ಚಿತ್ರ. ಚಿತ್ತಮ್ಮನಿಗೆ ಅದು ಹಟ್ಟಿಯಲ್ಲಿ ಅಜ್ಜಿ ಕದಿರಿನಿಂದ ಬಿಚ್ಚಿ ಸುತ್ತಿಡುತ್ತಿದ್ದ ಉಣ್ಣೆಯ ಉಂಡೆಯಂತೆ ಕಂಡಿತು: ಎಳೆಯೊಳಗೆ ಎಳೆ ಹೊಕ್ಕು, ತುದಿ ಮೊದಲು ತಿಳಿಯದ ಸುತ್ತು, ಆದರೆ ಎಳೆಗಳ ನಡುವೆ ಎಲ್ಲೆಲ್ಲೂ ಕರಿಯ ಚುಕ್ಕಿ, ಇರುವೆ ಮುತ್ತಿದ ಹಾಗೆ.

‘ಇದು ನೀನು’ ಎಂದಳು ಡಾಕ್ಟರಮ್ಮ. ‘ನಿನ್ನ ಮೂತ್ರಪಿಂಡದೊಳಗಿನ ಒಂದು ಸಣ್ಣ ಗಂಟು. ಸಾಸಿವೆಗಿಂತ ಎಷ್ಟೋ ಸಣ್ಣದು. ರಕ್ತ ಸೋಸೋದು ಇದು. ಆವತ್ತು ಬೆನ್ನಿಂದ ತೆಗೆದ್ನಲ್ಲ, ಅದರೊಳಗೆ ಇತ್ತು.’

ಚಿತ್ತಮ್ಮ ಬೆರಳು ಚಾಚಿ, ಮುಟ್ಟದೆ ಹಿಂತೆಗೆದುಕೊಂಡಳು. ಚಿತ್ರದ ಕೆಳಗೆ ಇಂಗ್ಲಿಷಿನ ಸಣ್ಣ ಅಕ್ಷರ. ಕೂಡಿಸಿ ಕೂಡಿಸಿ ಓದಿದಾಗ ಸಿಕ್ಕಿದ್ದು ಒಂದೇ ಹೆಸರು, ಶಾಂತಕ್ಕ. ಹೊಳಲ್ಕೆರೆ ಕಡೆಯ ಈ ಡಾಕ್ಟರಮ್ಮನ ಹೆಸರು ಆ ನುಣುಪು ಕಾಗದದ ಮೇಲೆ ಚಪ್ಪಲಿ ಬಿಟ್ಟು ಪರರ ಮನೆಯೊಳಗೆ ಬಂದು ನಿಂತವರಂತೆ ಕಂಡಿತು. ಡಾಕ್ಟರಮ್ಮ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಅವಳ ಪೇಟೆಯ ಮಾತು ಕಳಚಿ ಊರಿನ ಮಾತು ಬಂತು. ಚರ್ಮದ ಹುಣ್ಣಿನಿಂದ ಹೀಗೆ ಊದಿಕೊಂಡು ಬಂದ ನಮ್ಮ ಹಟ್ಟಿಗಳ ಮಕ್ಕಳ ಬಗ್ಗೆ ನಾನೊಂದು ಲೇಖನ ಬರೆದೆ. ಒಳಗೆ ನೋಡಿದರೆ ಸುಟ್ಟ ಹೊಲದಂತೆ ಕಾಣುತ್ತದೆ, ಆದರೂ ಈ ಮಕ್ಕಳು ವಾಸಿಯಾಗುತ್ತಾರೆ. ಹುಣ್ಣು ಒಣಗಿಸಿ, ಉಪ್ಪು ಕಡಿಮೆ ಮಾಡಿ, ಮಲಗಿಸಿ ಕಾಯಿರಿ, ಎಳೆಯ ಮೈಯನ್ನು ಹಾಳು ಮಾಡುವ ಉಗ್ರ ಮಾತ್ರೆಗಳನ್ನು ಕೊಡಬೇಡಿ ಎಂದು ಬರೆದೆ. ಹೊರದೇಶದ ಪತ್ರಿಕೆ ಅಚ್ಚು ಹಾಕಿತು. ಎಲ್ಲೆಲ್ಲಿಂದಲೋ ಕಾರ್ಡು ಬಂದವು, ಆ ಲೇಖನದ ಪ್ರತಿ ಕಳಿಸಿ ಎಂದು. ಕೆಲವರು ನನ್ನನ್ನು ಗಂಡಸು ಅಂದ್ಕೊಂಡಿದ್ರು ಎಂದು ನಕ್ಕಳು. ಪೋಲೆಂಡು, ಚಿಲಿ, ಟ್ರಿನಿಡಾಡು. ಆಮೇಲೆ ಪಾಠದ ಪುಸ್ತಕಕ್ಕೆ ಈ ಚಿತ್ರ ತಗೊಂಡ್ರು. ‘ಅಲ್ಲಿ ಡಾಕ್ಟರಿಕೆ ಓದೋ ಹುಡುಗ್ರು ಈ ಕಾಯಿಲೆ ಹೆಂಗಿರ್ತೈತೆ ಅಂತ ನಿನ್ನನ್ನ ನೋಡಿ ಕಲೀತಾರೆ. ನಿನ್ನ ಥರದ ಮಕ್ಕಳು ಎಷ್ಟೋ ಕಡೆ ಆ ಮಾತ್ರೆ ತಪ್ಪಿಸ್ಕೊಂಡವೆ.’

ಕೋಣೆಯ ಗೋಡೆಗೆ ನೇತುಹಾಕಿದ್ದ ಪ್ರಪಂಚದ ಭೂಪಟದಲ್ಲಿ ಚಿತ್ತಮ್ಮನ ಕಣ್ಣು ಚಿಲಿಯನ್ನು ಹುಡುಕಿತು. ಅವಳು ಅದನ್ನು ಮಕ್ಕಳಿಗೆ ಕೋಲಿನಿಂದ ತೋರಿಸಿದ್ದಳು, ಹಸಿಮೆಣಸಿನಕಾಯಿಯಂತೆ ಉದ್ದಕ್ಕಿದ್ದ ದೇಶ. ಹಿರಿಯೂರು ದಾಟಿ ಚಿತ್ರದುರ್ಗ, ಅದು ದಾಟಿ ಒಮ್ಮೆ ಬೆಂಗಳೂರು, ಅಷ್ಟೇ ಅವಳು ಕಂಡದ್ದು. ಅವಳ ಒಳಗಿನ, ಅವಳೂ ಕಾಣದ, ಹೆತ್ತವ್ವನೂ ಕಾಣದ, ಕಾಟಯ್ಯ ಎಂದೂ ಕಾಣಲಾರದ ಒಂದು ಗಂಟು ಮಾತ್ರ ಕಡಲು ದಾಟಿಹೋಗಿ, ಹೆಸರು ಗೊತ್ತಿಲ್ಲದ ಊರುಗಳಲ್ಲಿ, ಗುರುತಿಲ್ಲದವರ ಮೇಜಿನ ಮೇಲೆ ದೀಪದ ಕೆಳಗೆ ತೆರೆದುಕೊಂಡು ಕೂತಿತ್ತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಮಾರಿಕಣಿವೆಯ ಅಣೆಕಟ್ಟೆಯ ಮೇಲೆ ಮೊದಲ ಸಲ ನಿಂತಾಗ, ಅಷ್ಟೊಂದು ನೀರನ್ನು ಕಂಡು ಉಸಿರು ಸಿಕ್ಕಿಕೊಂಡಂತಾಗಿತ್ತು. ಈಗಲೂ ಹಾಗೆಯೇ ಆಯಿತು.

‘ಹೋದ ವರ್ಷ ಆ ಲೇಖನದ ಬಗ್ಗೆ ಒಬ್ಬರು ಬರೆದವ್ರೆ’ ಎಂದಳು ಡಾಕ್ಟರಮ್ಮ. ಪುಸ್ತಕ ಮುಚ್ಚಿದ್ದಳು. ‘ಬಹಳ ದೊಡ್ಡ ವಿದ್ವಾಂಸ. ಒಂದೇ ಸಾಲು. ಆಸ್ಪತ್ರೆ ಬಿಟ್ಟ ಮೇಲೆ ಈ ಮಕ್ಕಳನ್ನ ಯಾರೂ ಕಂಡಿಲ್ಲ ಅಂತ. ಓದಿದ ದಿನ ನಂಗೆ ಅನ್ನ ಸೇರಲಿಲ್ಲ. ಅದು ಸುಳ್ಳಾಗಿದ್ರೆ ಜಗಳ ಆಡಬೋದಿತ್ತು. ಊತ ಇಳೀತು, ಉಚ್ಚೆ ತಿಳಿಯಾತು, ಮನೆಗೆ ಕಳಿಸ್ದೆ, ವಾಸಿ ಅಂತ ಬರೆದೆ. ಆಮೇಲೆ ನಿಮ್ಮಲ್ಲಿ ಒಬ್ಬರನ್ನೂ ನಾನು ನೋಡಿಲ್ಲ. ಅದಕ್ಕೇ ರಜ ಹಾಕಿ ಊರೂರು ತಿರುಗ್ತಿದೀನಿ.’

ಚಿತ್ತಮ್ಮ ಸೀಸೆ ಎತ್ತಿಕೊಂಡಳು. ಸೆರಗಿನಡಿ ಮುಚ್ಚಿಕೊಂಡು ಶಾಲೆಯ ಹಿಂದಿನ ಜಾಲಿ ಮರೆಗೆ ಹೋದಳು. ತಿರುಗಿ ಬರುವಾಗ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದವು. ಡಾಕ್ಟರಮ್ಮ ಗಾಜಿನ ನಳಿಗೆಗೆ ಸುರಿದು, ಮೂರ್ತಪ್ಪನವರ ಮೇಜಿನ ಮೇಲೆಯೇ ಸ್ಪಿರಿಟ್ ದೀಪ ಹಚ್ಚಿ, ನಳಿಗೆಯ ಮೇಲ್ಭಾಗವನ್ನು ಉರಿಗೆ ಹಿಡಿದಳು. ‘ಕಾಯಿಲೆ ಒಳಗೆ ಉಳಿದಿದ್ರೆ ಕಾದಾಗ ಬೆಳ್ಳಗೆ ಒಡೀತೈತೆ, ಮೊಟ್ಟೆ ಬೇಯಿಸ್ದಂಗೆ. ಆಸಿಡ್ ಬಿಟ್ರೂ ಆ ಬಿಳಿ ಹೋಗಲ್ಲ’ ಎಂದಳು. ಆಕೆ ನಳಿಗೆಯತ್ತ ಬಾಗಿ, ರೆಪ್ಪೆ ಮಿಟುಕಿಸುವುದನ್ನೂ ಮರೆತಿದ್ದಳು. ತನ್ನ ಜೀವಕ್ಕೆ ತಾನು ಹೆದರಿದಷ್ಟೇ, ಇನ್ನೊಬ್ಬಳು ಬೇರೆ ಯಾವುದಕ್ಕೋ ಹೆದರಿ ಇದೇ ನೀರನ್ನು ನೋಡುತ್ತಿದ್ದಾಳೆ ಎಂಬುದು ವಿಚಿತ್ರವಾಗಿತ್ತು. ನೀರು ಕುದಿಯಿತು. ಗುಳ್ಳೆ ಎದ್ದು ಒಡೆಯಿತು. ಆಸಿಡ್ಡಿನ ಒಂದು ಹನಿ ಬಿದ್ದಿತು. ಕಿಟಕಿಯ ಕಂಬಿಗಳು ನಳಿಗೆಯ ಆಚೆ ನೆಟ್ಟಗೆ ಕಾಣುತ್ತಲೇ ಇದ್ದವು.

‘ತಿಳಿ’ ಎಂದಳು ಡಾಕ್ಟರಮ್ಮ. ರಕ್ತದ ಒತ್ತಡವನ್ನೂ ನೋಡಿದಳು, ಸರಿಯಾಗಿತ್ತು. ಆಮೇಲೆ ಮೂರ್ತಪ್ಪನವರ ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ತರಿಸಿ ಪೂರ್ತಿ ಕುಡಿದಳು. ಆಗಲೇ ಹೇಳಬಹುದಿತ್ತು ಚಿತ್ತಮ್ಮ, ಬಾಯಿಯ ತನಕ ಬಂದಿತ್ತು. ಆದರೆ ಡಾಕ್ಟರಮ್ಮ, ‘ಈಗ ಜುಂಜಪ್ಪ. ನೀನೂ ಬಾ. ಜೀಪು ಕಂಡರೆ ಹಟ್ಟಿಯೋರು ಓಡ್ತಾರೆ, ನನ್ನ ಕೈಗೆ ಒಬ್ಬರೂ ಸಿಗಲ್ಲ. ನೀನಿದ್ರೆ ಮಾತಾಡ್ತಾರೆ. ಹೋಗಾಣ’ ಎಂದು ಎದ್ದಳು. ಮೂರ್ತಪ್ಪನವರು ಪುಸ್ತಕದ ಗಾತ್ರ ನೋಡಿಯೇ ರಜ ಕೊಟ್ಟರು.

ಜೀಪು ಧೂಳೆಬ್ಬಿಸುತ್ತ ಹಿರಿಯೂರಿನ ಕಡೆ ಓಡಿತು. ಡ್ರೈವರ್ ಮುರುಗಪ್ಪ ಬೀಡಿ ಕಚ್ಚಿಕೊಂಡು ಗಾಡಿ ಓಡಿಸುತ್ತಿದ್ದ. ಚಿತ್ತಮ್ಮನ ಎದೆಯೊಳಗೆ ಹಬ್ಬವಿದ್ದಂತಿತ್ತು. ತಿಳಿ, ತಿಳಿ ಎಂದುಕೊಳ್ಳುತ್ತ ಹೊರಗಿನ ಕರಿಗುಡ್ಡ, ಹೊಲದಲ್ಲಿ ಒಣಗಲು ಗುಡ್ಡೆ ಹಾಕಿದ್ದ ಶೇಂಗಾ, ಬಂಡೆಯ ಮೇಲೆ ಕೂತ ಹದ್ದು ಎಲ್ಲವನ್ನೂ ಹೊಸದಾಗಿ ತೊಳೆದಿಟ್ಟಂತೆ ನೋಡಿದಳು. ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಆ ಸಣ್ಣ ನರೆದಲೆಯೊಳಗೆ ತಾನೂ ಜುಂಜಪ್ಪನೂ, ಗುರುತಿಲ್ಲದ ಎಷ್ಟೋ ಮಕ್ಕಳೂ ಇಷ್ಟು ವರ್ಷ ಮಂಚದ ಸಾಲಿನಲ್ಲೇ ಮಲಗಿದ್ದೇವೆ, ದೊಡ್ಡವರಾಗದೆ, ಎದ್ದುಹೋಗದೆ ಎನ್ನಿಸಿತು.

ಹಟ್ಟಿಯ ಹೊರಗೆ ಜೀಪು ನಿಲ್ಲುವ ಮೊದಲೇ ಗಂಡಸರು ಕುರುಚಲು ಪೊದೆಗಳ ಕಡೆ ಓಡಿದ್ದರು. ಡಾಕ್ಟರಮ್ಮ ಹಟ್ಟಿಯ ಕಟ್ಟಳೆ ಬಲ್ಲವಳಂತೆ, ಯಾರೂ ಹೇಳದೆಯೇ ಮುಳ್ಳುಬೇಲಿಯ ಬಾಯಲ್ಲಿ ಚಪ್ಪಲಿ ಬಿಟ್ಟಳು. ಚಿತ್ತಮ್ಮ ಮುಂದೆ ನಡೆದು, ಗುಡಿಸಲ ಮುಂದೆ ಕೈ ಅಡ್ಡಹಿಡಿದು ನೋಡುತ್ತಿದ್ದ ಮುದುಕಿಗೆ ಕೂಗಿ ಹೇಳಿದಳು: ‘ಆಪರೇಷನ್ನೋರಲ್ಲ ಕಣವ್ವ, ನಾನು ಆದಿವಾಲದ ಹಟ್ಟಿ ಚಿತ್ತಿ. ದೊಡ್ಡಾಸ್ಪತ್ರೆ ಡಾಕ್ಟರಮ್ಮ ಜುಂಜಪ್ಪನ್ನ ನೋಡಾಕೆ ಬಂದವ್ರೆ.’ ಆ ಮುದುಕಿ, ಜುಂಜಪ್ಪನ ತಾಯಿ ಜುಂಜಮ್ಮ, ಹತ್ತಿರ ಬಂದು ಡಾಕ್ಟರಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ನಂತರ ಪೊದೆಯ ಕಡೆ ತಿರುಗಿ, ‘ಲೇ ಬಾರ್ಲಾ, ನಿನ್ನ ಉಳಿಸಿದ್ ತಾಯಿ ಬಂದೈತೆ’ ಎಂದು ಕೂಗಿದಳು.

ಬಂದವನು ಆಳೆತ್ತರದ ಗಂಡಸು. ಹೆಗಲ ಮೇಲೆ ಕಂಬಳಿ, ಗುಂಗುರು ಮೀಸೆ, ಓಡಿದ್ದಕ್ಕೆ ನಾಚಿಕೆಯ ನಗು. ಚಿತ್ತಮ್ಮನನ್ನು ಕಂಡು ‘ಕುಂಬಳಕಾಯಿ’ ಎಂದ. ಅವನ ಇಬ್ಬರು ಮಕ್ಕಳು ಹಿಂದಿನಿಂದ ಇಣುಕಿದವು. ಸೀಸೆಯ ವಿಷಯ ಕೇಳಿ ಹಟ್ಟಿಯೆಲ್ಲ ನಕ್ಕಿತು. ಬೇಲಿಯ ಪಕ್ಕದ ಕಲ್ಲಿನ ಮೇಲೆ ದೀಪ ಹಚ್ಚಿದಾಗ ಗಾಳಿ ಬೀಸಿತು. ಜುಂಜಪ್ಪ ತಾನೇ ಕಂಬಳಿ ಬಿಚ್ಚಿ ದೀಪಕ್ಕೆ ಮರೆ ಹಿಡಿದ. ನೀರು ಬಿಸಿಯಾಯಿತು. ಮೊದಲು ಮಂಜು ಕವಿದಂತೆ, ಆಮೇಲೆ ಒಡೆದ ಹಾಲಿನಂತೆ, ನಳಿಗೆಯ ಮೇಲ್ಭಾಗ ಬೆಳ್ಳಗಾಯಿತು. ಹನಿ ಆಸಿಡ್ ಬಿತ್ತು. ಬಿಳಿ ಹೋಗಲಿಲ್ಲ. ‘ಇನ್ನೊಂದ್ ಸಲ ಕೊಡಪ್ಪ’ ಎಂದಳು ಡಾಕ್ಟರಮ್ಮ. ಅವನು ನಗುತ್ತಲೇ ಹೋಗಿಬಂದ. ಎರಡನೆಯ ಸಲವೂ ಅದೇ. ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದಳು. ಪಾದರಸ ಎಲ್ಲಿ ನಿಂತಿತೋ ಅಲ್ಲಿಯೇ ಅವಳ ಕಣ್ಣೂ ನಿಂತಿತು.

ಆ ಬಿಳಿಯನ್ನು ಕಂಡ ಗಳಿಗೆಯಲ್ಲಿ ಚಿತ್ತಮ್ಮನೊಳಗೆ ಏನೋ ಹಾರಿ ಕುಣಿಯಿತು: ನನ್ನದಲ್ಲ. ಅದು ಎಷ್ಟು ಬೇಗ ಬಂತೆಂದರೆ, ತಡೆಯಲು ಅವಳಿಗೆ ಬಿಡುವೇ ಸಿಗಲಿಲ್ಲ. ಮಂಚ ಪಕ್ಕ ಪಕ್ಕ, ಗಂಜಿ ಒಂದೇ, ಕಾಯಿಲೆ ಒಂದೇ. ಯಾರಿಗೋ ಒಬ್ಬರಿಗೆ ಉಳಿಯಬೇಕಿತ್ತು, ಅವನಿಗೆ ಉಳಿಯಿತು. ಕಂಬಳಿ ಹಿಡಿದ ಅವನ ದೊಡ್ಡ ಕೈಯನ್ನು ನೋಡಲಾರದೆ ಅವಳು ಮಕ್ಕಳನ್ನು ನೋಡಿದಳು. ಮಕ್ಕಳನ್ನೂ ನೋಡಲಾಗದೆ ನೆಲ ನೋಡಿದಳು. ತನ್ನ ಮೈಯ ತಿಳಿಯೇ ಆಗ ಅವಳಿಗೆ ಹೇಸಿಗೆಯಾಯಿತು.

ಡಾಕ್ಟರಮ್ಮ ಕಲ್ಲಿನ ಬಳಿಯಿಂದ ಸರಿದು ನೆಲದ ಮೇಲೆ, ಜುಂಜಪ್ಪನ ಪಕ್ಕ ಕುಳಿತಳು. ‘ನಿನ್ನ ಕಾಯಿಲೆ ಪೂರ್ತಿ ಹೋಗಿಲ್ಲ ಜುಂಜಪ್ಪ. ಒಳಗೇ ಕೂತೈತೆ’ ಎಂದಳು.

‘ನಂಗೇನೂ ಆಗಿಲ್ವಲ್ಲಮ್ಮ. ದಿನಾ ಕುರಿ ಹಿಂದೆ ಗುಡ್ಡ ಹತ್ತಿ ಇಳೀತೀನಿ.’

‘ಅದು ಸದ್ದಿಲ್ದಂಗೆ ತಿನ್ನೋ ಕಾಯಿಲೆ. ಈಗ ಸಿಕ್ಕೈತಲ್ಲ, ಒತ್ತಡ ಇಳಿಸೋ ಮಾತ್ರೆ ಕೊಡ್ತೀನಿ. ಉಪ್ಪು ಕಮ್ಮಿ ಮಾಡಬೇಕು. ಹಿರಿಯೂರಿಗೆ ಬಂದು ತೋರಿಸ್ತಿರಬೇಕು.’

‘ಸಾಯ್ತೀನೇನಮ್ಮ?’ ಎಂದು ಕೇಳಿದ, ಕುರಿ ಮಾರುವಾಗ ಬೆಲೆ ಕೇಳುವಷ್ಟು ನೇರವಾಗಿ.

‘ಗೊತ್ತಿಲ್ಲಪ್ಪ. ತಡ ಮಾಡಬೋದು ಅಂತ ಮಾತ್ರ ಗೊತ್ತು. ನಿನ್ನ ವಿಷಯದಲ್ಲಿ ನಾನು ತಪ್ಪು ಬರೆದಿದ್ದೆ. ಪೂರ್ತಿ ವಾಸಿ ಅಂತ ಬರೆದಿದ್ದೆ.’

ಜುಂಜಪ್ಪ ಆಕೆಯ ಮುಖ ನೋಡಿ, ಸಮಾಧಾನ ಮಾಡುವವನಂತೆ, ‘ಇರ್ಲಿ ಬಿಡ್ರಮ್ಮ. ಯಾರಿಗೆ ಗೊತ್ತಾಗ್ತೈತೆ’ ಎಂದ.

‘ನಿಂಗೆ ಗೊತ್ತಾಗಬೇಕಿತ್ತಲ್ಲ’ ಎಂದಳು ಡಾಕ್ಟರಮ್ಮ.

ಅವನು ಕಂಬಳಿ ಹೆಗಲಿಗೆ ಹಾಕಿಕೊಂಡ. ಎದ್ದು, ಹೆಂಡತಿಯ ಹತ್ತಿರ ಹೋಗಿ ಏನೋ ಹೇಳಿದ. ಆಕೆ ಒಳಗಿನಿಂದ ಒಂದು ಚೊಂಬು ಹಾಲು ತಂದು ಡಾಕ್ಟರಮ್ಮನ ಮುಂದಿಟ್ಟಳು. ಡಾಕ್ಟರಮ್ಮ ಅಷ್ಟನ್ನೂ ಕುಡಿದಳು.

ಜೀಪು ಹಟ್ಟಿ ಬಿಟ್ಟು ಬಹಳ ದೂರ ಬಂದಿತ್ತು. ಕಡೆಗೆ ಚಿತ್ತಮ್ಮ ಕೇಳಿದಳು: ‘ಇದನ್ನೂ ಬರೀತೀರೇನಮ್ಮ?’

‘ಇದನ್ನೇ ಮೊದಲು ಬರೀತೀನಿ.’

‘ಬರೆದ್ರೆ ಆ ದೊಡ್ಡೋರು ಗೆದ್ದಂಗಾಗ್ತೈತೆ. ಮಕ್ಕಳಿಗೆ ಮತ್ತೆ ಆ ಉಗ್ರ ಮಾತ್ರೆ ಕೊಡಾಕೆ ಶುರು ಮಾಡಿದ್ರೆ?’

ಡಾಕ್ಟರಮ್ಮ ಹಿಂದಕ್ಕೆ ತಿರುಗಿದಳು. ಮುಖ ಧೂಳಿನಿಂದ ಕೆಂಪಗಾಗಿತ್ತು. ‘ಅದೇ ನನ್ನ ಹೆದರಿಕೆ. ಆ ಮಾತ್ರೆ ಕೊಡಬೇಡಿ ಅಂತಾನೂ ಬರೀತೀನಿ, ವಾಸಿಯಾತು ಅಂತ ಕೈ ಬಿಡಬೇಡಿ ಅಂತಾನೂ ಬರೀತೀನಿ. ನಂಬೋದು ಬಿಡೋದು ಅವರಿಗೆ ಸೇರಿದ್ದು. ಇಷ್ಟು ದಿನ ಎಲ್ಲರೂ ನನ್ನ ಮಾತು ನಂಬಿದಾರಲ್ಲ, ಆ ನಂಬಿಕೆ ಜುಂಜಪ್ಪನ ಮೇಲೆ ಕೂತಿತ್ತು. ಅವನು ಅದನ್ನ ಹೊತ್ಕೊಂಡು ಗುಡ್ಡ ಹತ್ತುತಿದ್ದ.’

ಪ್ರಪಂಚವೆಲ್ಲ ಓದಿದ ಮಾತನ್ನು ಬರೆದವಳೇ, ಒಂದು ಹಟ್ಟಿಯ ಬೇಲಿಯ ಪಕ್ಕ ನೆಲದ ಮೇಲೆ ಕೂತು, ತಪ್ಪು ಎಂದು ಅಳಿಸಿ ತಿದ್ದಲು ಹೊರಟಿದ್ದಳು. ಯಾರೂ ಕೇಳದಿದ್ದರೂ. ಶಾಲೆಯಲ್ಲಿ ಬೋರ್ಡಿನ ಮೇಲಿನ ತನ್ನ ತಪ್ಪನ್ನು ಮಕ್ಕಳು ನೋಡುವ ಮೊದಲೇ ಅಂಗೈಯಲ್ಲಿ ಒರೆಸಿಬಿಡುತ್ತಿದ್ದ ಚಿತ್ತಮ್ಮನಿಗೆ ಈ ಪುಟ್ಟ ಹೆಂಗಸಿನ ಹಿಂದೆ ಕೂರಲು ಒಂದು ಬಗೆಯ ಭಯವಾಯಿತು. ದೊಡ್ಡ ಬಂಡೆಯ ನೆರಳಲ್ಲಿ ಕೂತಾಗ ಆಗುವಂಥದು. ಆ ಭಯವೇ ಬಾಯಿ ಬಿಡಿಸಿತು.

‘ನಾನು ಬಸುರಿ ಅಮ್ಮ’ ಎಂದಳು.

ಮುರುಗಪ್ಪ ಬೀಡಿ ಹೊರಗೆಸೆದ. ಡಾಕ್ಟರಮ್ಮ ಜೀಪು ನಿಲ್ಲಿಸಲು ಹೇಳಿದಳು. ರಸ್ತೆಯ ಬದಿಯ ಹುಣಸೆಮರದ ಕೆಳಗೆ ಇಬ್ಬರೂ ಇಳಿದರು. ಆಯಾ ಹೇಳಿದ ಮಾತು, ಅವ್ವ ಮುಚ್ಚಿಟ್ಟದ್ದು, ಎಲ್ಲವನ್ನೂ ಚಿತ್ತಮ್ಮ ತಡೆದು ತಡೆದು ಹೇಳಿದಳು. ಡಾಕ್ಟರಮ್ಮ ಕೇಳಿಸಿಕೊಂಡು, ‘ಏನೂ ಆಗಲ್ಲ ಅಂತ ನಂಗೆ ಅನ್ನಿಸ್ತೈತೆ’ ಎಂದಳು. ಆಮೇಲೆ ಜುಂಜಪ್ಪನ ಹಟ್ಟಿಯಿದ್ದ ದಿಕ್ಕಿಗೆ ಒಮ್ಮೆ ನೋಡಿ, ‘ಅನ್ನಿಸೋದು ಬೇರೆ, ಗೊತ್ತಿರೋದು ಬೇರೆ. ಆ ವಾರ್ಡಿನಿಂದ ಹೋದ ಹೆಣ್ಣುಮಕ್ಕಳು ಹೆತ್ತಿದ್ದನ್ನ ನಾನು ನೋಡಿಲ್ಲ. ನಿನ್ನ ಉಚ್ಚೆ ತಿಳಿಯಾಗೈತೆ, ಒತ್ತಡ ಸರಿಯಾಗೈತೆ. ಇವತ್ತು ನಂಗೆ ಗೊತ್ತಿರೋದು ಅಷ್ಟೇ. ತಿಂಗಳು ತಿಂಗಳೂ ನಾನೇ ನೋಡ್ತೀನಿ. ಕೈ ಬಿಡಲ್ಲ’ ಎಂದಳು.

ಗೊತ್ತಿಲ್ಲ ಎನ್ನುವ ಮಾತು ಇಷ್ಟು ಗಟ್ಟಿಯಾಗಿರಬಹುದೆಂದು ಚಿತ್ತಮ್ಮನಿಗೆ ತಿಳಿದಿರಲಿಲ್ಲ. ಆಯಾಗೆ ಎಲ್ಲವೂ ಗೊತ್ತಿತ್ತು, ಅವ್ವನಿಗೂ. ಇಷ್ಟು ತಿಳಿದವಳಿಗೆ ಗೊತ್ತಿಲ್ಲ. ತಿಳಿವಳಿಕೆಯ ರಸ್ತೆ ಚಿಲಿಯಿಂದ, ಪೋಲೆಂಡಿನಿಂದ ಬಂದು ಈ ಹುಣಸೆಮರದ ಕೆಳಗೆ ಮುಗಿದಿತ್ತು. ಮುಂದಿನದು ಅವಳ ಹೊಟ್ಟೆಯಲ್ಲಿತ್ತು.

ಮತ್ತೋಡಿಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಮಾಳಿಗೆಗಳ ಮೇಲಿತ್ತು. ಕಾಟಯ್ಯ ಸೊಸೈಟಿಯಿಂದ ಬೇಗ ಬಂದು ಬಾಗಿಲಲ್ಲಿ ನಿಂತಿದ್ದ. ಸುದ್ದಿ ಅವನನ್ನು ಮುಟ್ಟಿತ್ತೆಂದು ನಿಂತ ಬಗೆಯಲ್ಲೇ ಗೊತ್ತಾಯಿತು. ‘ಜೀಪಿನಾಗೆ ಕರ್ಕೊಂಡು ಹೋದ್ರಂತೆ. ಏನೋ ಕಾಯಿಲೆ ಅಂತಾವ್ರೆ’ ಎಂದ. ಅವಳು ಒಳಗೆ ಹೋಗಿ, ಸೆರಗು ಬಿಗಿದು, ಅವನೆದುರು ಚಾಪೆಯ ಮೇಲೆ ಕೂತಳು. ಕಜ್ಜಿ, ಊತ, ವಾರ್ಡು, ಬೆನ್ನಿಗೆ ಇಳಿಸಿದ ಸೂಜಿ, ಅವ್ವ ಹೇಳಿದ ಸುಳ್ಳು, ತಾನೂ ಅದರೊಳಗೆ ಮುಚ್ಚಿಕೊಂಡು ಕೂತದ್ದು, ಜುಂಜಪ್ಪನ ಬಿಳಿ ಕಂಡು ಸಂತೋಷಪಟ್ಟದ್ದು, ಕಡೆಗೆ ಎರಡು ತಿಂಗಳಾದದ್ದು. ಯಾವುದನ್ನೂ ಒರೆಸಲಿಲ್ಲ. ಏನಾಗುತ್ತದೆಂದು ಡಾಕ್ಟರಮ್ಮನಿಗೂ ಗೊತ್ತಿಲ್ಲವೆಂಬುದನ್ನೂ ಹೇಳಿದಳು.

ಕಾಟಯ್ಯ ಚಾಪೆಯ ಅಂಚಿನ ಎಳೆ ಕೀಳುತ್ತ ಕೂತಿದ್ದ. ಅವನು ಏನು ಕೇಳಬಹುದೆಂದು ಅವಳು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದಳು. ಎಲ್ಲ ಪ್ರಶ್ನೆಗೂ ಉತ್ತರ ಜೋಡಿಸಿಕೊಂಡಿದ್ದಳು.

‘ಆ ಸೂಜಿ’ ಎಂದ ಅವನು, ಕಣ್ಣೆತ್ತದೆ. ‘ನೋವಾತೇನು?’

ಆ ಪ್ರಶ್ನೆ ಅವಳ ಲೆಕ್ಕದಲ್ಲಿರಲಿಲ್ಲ. ಅವಳೊಳಗೆ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಬೋರಲು ಮಲಗಿ, ಉಸಿರು ಬಿಗಿಹಿಡಿದು, ಇನ್ನೂ ಬಿಟ್ಟಿರಲಿಲ್ಲ.

‘ಆತು’ ಎಂದಳು ಚಿತ್ತಮ್ಮ. ‘ಬಾಳ ನೋವಾತು.’